ಅಕ್ಕನ ಗುಡ್ಡದ ಹುಲ್ಲು

ಚಿನ್ನಾಳಪಟ್ಟಿ
ಪಂಗುನಿ 10, ವಿಜಯ ವರುಷ (ಮಾರ್ಚ್ 1894)

ಅಕ್ಕನಿಗೆ ಅಳಗಮ್ಮಾಳ್ ಮಾಡುವ ನಮಸ್ಕಾರ.

'ತುಂಬಿದ ಕೊಡಕೆ ಹಾದಿಯು ಹತ್ತಿರ' ಎಂದು ಅವ್ವ ಹಾಡುತ್ತಿದ್ದಳಲ್ಲ, ಅದರ ಮುಂದಿನ ಸಾಲು ನಿನಗೆ ನೆನಪಿದೆಯೇ? ನನ್ನಲ್ಲಿ ಇಷ್ಟೇ ಉಳಿದಿದೆ, ಇದೂ ಸರಿಯೋ ತಪ್ಪೋ ತಿಳಿಯದು. ಅವ್ವನನ್ನೇ ಕೇಳಿದರೆ 'ನಾನೆಲ್ಲಿ ಹಾಡ್ದೆ?' ಅನ್ನುತ್ತಾಳೆ. ಬೆಳಿಗ್ಗೆ ಬಾವಿಯಿಂದ ಬರುವಾಗ ಯೋಚಿಸಿದೆ, ಇದು ನಿಜವೇ ಎಂದು. ತುಂಬಿದ ಕೊಡ ಸೊಂಟ ಮುರಿಯುತ್ತದೆ, ಹಾದಿ ಉದ್ದವಾಗಬೇಕು. ಆದರೆ ನನ್ನ ಕೊಡ ಅರ್ಧವೂ ತುಂಬಿರಲಿಲ್ಲ, ಅದರಲ್ಲೂ ಕೆಸರೇ ಹೆಚ್ಚು, ಆ ಹಾದಿ ಮುಗಿಯಲೇ ಇಲ್ಲ. ಹಾಡು ಕಟ್ಟಿದವಳು ನಿನ್ನಂಥ ಮನೆಯವಳೇ ಇರಬೇಕು.

ಕಂಬಂನಿಂದ ಹುಣಸೆಹಣ್ಣು ಹೇರಿಕೊಂಡು ದಿಂಡುಕ್ಕಲ್ಲಿಗೆ ಹೊರಟ ಗಾಡಿಯವರು ಮೊನ್ನೆ ನಮ್ಮ ಜಗುಲಿಯಲ್ಲಿ ಇಳಿದಿದ್ದರು. ನಿನ್ನ ಮನೆಯ ಗುರುತು ಹೇಳಿದ ಕೂಡಲೇ ಒಬ್ಬ, 'ಆ ಮನೆ ಬಾವಿಯಾ? ಎಮ್ಮೆ ಮುಳುಗ್ತದೆ ತಾಯೀ, ಪಂಗುನೀಲೂ!' ಅಂದ. ಅವ್ವ ಪಕ್ಕದಲ್ಲೇ ಕುಳಿತಿದ್ದಳು. ಕೇಳಿಸಿಕೊಂಡಳು. ನಾನು ಅವನಿಗೆ ಎರಡನೇ ಸಲ ಮಜ್ಜಿಗೆ ಹಾಕಲಿಲ್ಲ.

ಐಪ್ಪಸಿಯ ಮಳೆಗಾಲದಲ್ಲಿ ಮಳೆ ನಿಮಗೆ ಬಂದಷ್ಟೇ ನಮಗೂ ಬಂತು. ಆದರೆ ಸಿರುಮಲೆಯ ತಪ್ಪಲಿನ ನಮ್ಮ ಗೋಮಾಳದ ಮೇಲೆ ಅದು ನಿಲ್ಲುವುದಿಲ್ಲ. ಒಲೆಯ ಮೇಲಿನ ಅನ್ನ ಬೇಯುವುದರೊಳಗೆ ಕೆಂಪಗೆ ಇಳಿದು, ಹಳ್ಳ ಸೇರಿ, ಯಾವುದೋ ಊರಿಗೆ ಓಡಿಹೋಗುತ್ತದೆ. ಮರುದಿನ ಬಿಸಿಲು ಬಂದರೆ ನೆಲ ಹಂಚಿನಷ್ಟು ಗಟ್ಟಿ. ಹುಲ್ಲು ಉಗುರಿನಷ್ಟು ಎದ್ದರೆ ಆಡು ಕಿತ್ತುಕೊಳ್ಳುತ್ತದೆ, ಉಳಿಯುವುದು ನೆಗ್ಗಿಲು ಮುಳ್ಳು.

ನಿನ್ನೆ ಅವ್ವ ಹೇಳಿದಳು, 'ಬರೋ ವರ್ಷವೂ ಬಾವಿ ಹಿಂಗೇ ಬತ್ತಿದ್ರೆ ನಾನು ದೊಡ್ಡವಳ ಮನೆಗೆ ಹೋಯ್ತೀನಿ. ಮಕ್ಕಳ ಪಾಲಿನ ನೀರು ಕುಡ್ಕೊಂಡು ಕೂರಾಕೆ ನನಗೆ ಆಗಾಕಿಲ್ಲೆ.' ಅಪ್ಪ ಹೋದ ಮೇಲೆ ಅವ್ವ ನನ್ನ ಮನೆಯನ್ನು ಆರಿಸಿಕೊಂಡದ್ದು ಇವತ್ತಿಗೂ ನಿನಗೆ ಗಂಟಲಲ್ಲಿ ಇಳಿದಿಲ್ಲ ಎಂದು ಗೊತ್ತು. ಆದರೂ ಕೇಳುತ್ತೇನೆ. ನಿಮ್ಮ ಬಾವಿಗೆ ಏನು ಮಾಡುತ್ತೀರಿ? ಅವ್ವನನ್ನು ಕಳಿಸಲು ನನಗೆ ಮನಸ್ಸಿಲ್ಲ.

ಈ ಕನ್ನಡ ಅಕ್ಷರ ಓದಲು ಇಲ್ಲಿ ಯಾರಿಗೂ ಬರುವುದಿಲ್ಲ. ಅಪ್ಪ ಮರಳಿನ ಮೇಲೆ ತಿದ್ದಿಸಿದ್ದು ನಮ್ಮಿಬ್ಬರಲ್ಲೇ ಉಳಿದಿದೆ. ವಿಳಾಸ ಮಾತ್ರ ನಮ್ಮ ಮನೆಯವರು ತಮಿಳಿನಲ್ಲಿ ಬರೆದಿದ್ದಾರೆ. ಆದ್ದರಿಂದ ಮುಚ್ಚುಮರೆ ಬೇಡ.

ಅಳಗು


ಕಂಬಂ
ಚಿತ್ತಿರೈ 12, ಜಯ ವರುಷ (ಏಪ್ರಿಲ್ 1894)

ಅಳಗುವಿಗೆ ಅಕ್ಕ ಮೂಕಮ್ಮಾಳ್ ಮಾಡುವ ಆಶೀರ್ವಾದ.

ಗಾಡಿಯವರ ಮಾತು ನಂಬಬೇಡ. ಎಮ್ಮೆ ಮುಳುಗುವುದಿಲ್ಲ, ಕೊಂಬು ಕಾಣುತ್ತಿರುತ್ತದೆ.

ನಾವು ಬಾವಿಗೆ ಏನೂ ಮಾಡುವುದಿಲ್ಲ. ಎಲ್ಲ ದೇವರ ಆವುಗಳ ಪುಣ್ಯ. ನನ್ನ ಮದುವೆಗೆ ಬಂದಾಗ ನೀನೂ ನೋಡಿದ್ದೆ, ನೊಗ ಹೂಡದ, ಹಾಲು ಕರೆಯದ ಹರಕೆಯ ಮಂದೆ. ಅದರ ಮುಂದೆ ನಡೆಯುವ ಪಟ್ಟದ ಹೋರಿ. ಹಳೆಯದು ಸತ್ತಾಗ ಮಂದೆಯ ಎದುರು ಕಬ್ಬಿನ ಕಟ್ಟು ಇಡುತ್ತಾರೆ, ಯಾವ ಹೋರಿ ಮೊದಲು ಬಂದು ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಆ ಮಂದೆ ತಿರುಗಾಡುವ ಗುಡ್ಡವೇ ನಮ್ಮ ಬಾವಿಯ ತಲೆಯ ಮೇಲಿರುವುದು.

ಆ ಗುಡ್ಡಕ್ಕೆ ಮಳೆ ಬಂದರೆ ಸದ್ದೇ ಇರುವುದಿಲ್ಲ. ಹುಲ್ಲಿನ ಮೇಲೆ ಬೀಳುತ್ತದೆ, ಒಳಗೆ ಹೋಗುತ್ತದೆ. ಮೇಲೆ ಕಾಲಿಟ್ಟರೆ ಹತ್ತಿಯ ಮೂಟೆಯ ಮೇಲೆ ನಿಂತ ಹಾಗೆ. ಮಳೆ ನಿಂತು ಎಷ್ಟೋ ದಿನದ ಮೇಲೆ ಬುಡದ ಬಂಡೆಯಡಿಯಿಂದ ನೀರು ಜಿನುಗುತ್ತದೆ, ತಿಳಿಯಾಗಿ, ತಣ್ಣಗೆ. ಬಾವಿಗೆ ಬರುವುದು ಅದೇ. ತೈ ತಿಂಗಳಲ್ಲಿ, ಪೊಂಗಲ್ ಹೊತ್ತಿಗೆ, ಹುಲ್ಲು ಸೊಂಟದ ಮಟ್ಟ. ದನ ತಿಂದು, ಮನೆಗಳಿಗೆ ಹೊದಿಸಿ, ಇನ್ನೂ ಮಿಗುತ್ತದೆ. ಎಲ್ಲ ಪಟ್ಟದ ಹೋರಿಯ ಕೃಪೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ.

ಒಳಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಅವ್ವನ ಮೊಣಕಾಲಿಗೆ ತೊಂದರೆಯಾಗದಿರಲಿ ಎಂದು ಹೊಸಿಲನ್ನೂ ತಗ್ಗಿಸಿದ್ದಾಯಿತು. ಅವಸರವೇನಿಲ್ಲ. ನಿನ್ನ ಮಕ್ಕಳು ಅವಳ ಸೆರಗು ಹಿಡಿದು ಎಳೆಯುತ್ತಾರೆ ಎಂದು ಒಮ್ಮೆ ಬರೆದಿದ್ದೆಯಲ್ಲ, ಆ ಸಾಲನ್ನು ನಮ್ಮ ಮನೆಯವರಿಗೆ ಓದಿ ಹೇಳಲಿಲ್ಲ. ಇಲ್ಲಿ ಎಳೆಯುವವರು ಯಾರೂ ಇಲ್ಲ, ಅವ್ವನಿಗೆ ಆರಾಮ.

ಅಕ್ಕ


ಚಿನ್ನಾಳಪಟ್ಟಿ
ಆಣಿ 20, ಜಯ ವರುಷ (ಜುಲೈ 1894)

ಅಕ್ಕನಿಗೆ ನಮಸ್ಕಾರ.

ನಮ್ಮ ಊರಿಗೂ ಈಗ ದೇವರ ಆವುಗಳಿವೆ! ನಿನ್ನ ಕಾಗದವನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ, ಅವರು ಊರ ಹಿರಿಯರಿಗೆ ಹೇಳಿದರು. ಯಾರೂ ಬೇಡವೆನ್ನಲಿಲ್ಲ. ನೀರು ಯಾರಿಗೆ ಬೇಡ?

ಬತ್ತಲಗುಂಡುವಿನಿಂದ ಕಬ್ಬು ತರಿಸಿದೆವು. ಊರಿನ ಹೋರಿಗಳನ್ನೆಲ್ಲ ಗೋಮಾಳದಲ್ಲಿ ಸೇರಿಸಿ, ಕರ್ಪೂರ ಹಚ್ಚಿ, ಕಬ್ಬಿನ ಕಟ್ಟು ಇಟ್ಟು ದೂರ ಸರಿದು ನಿಂತೆವು. ನಮ್ಮ ಮನೆಯ ಬಿಳಿ ಹೋರಿಯೇ ಬರಲಿ ಎಂದು ನನಗೆ ಒಳಗೊಳಗೇ ಆಸೆ. ಅದು ತಲೆಯನ್ನೂ ಎತ್ತಲಿಲ್ಲ. ಬಂದದ್ದು ಯಾವುದು ಗೊತ್ತೇ? ಗೋವಿಂದನ್‌ನ ಮುರುಕು ಕೊಂಬಿನ ಹೋರಿ, ಊರಿನ ಒಂದು ಬಣವೆಯನ್ನೂ ಬಿಡದ ಕಳ್ಳ. ನೇರ ಬಂದು ಕಟ್ಟನ್ನೇ ಎಳೆದುಕೊಂಡು ಹೋಯಿತು.

ಪಕ್ಕದ ಬೀದಿಯ ಕಮಲಮ್ಮಾಳ್, ನೇಯುವವರ ಹೆಂಗಸು, ತಡೆಯಲಾರದೆ ಕೂಗಿಯೇ ಬಿಟ್ಟಳು. 'ಅಡೀ ಅಳಗೂ, ದೇವರ ಕಣ್ಣಿಗೂ ಇವನೇ ಬಿದ್ನಾ? ಹೋದ ವಾರ ಗಂಜಿ ಹಾಕಿ ಬೀದೀಲಿ ಕಟ್ಟಿದ್ದ ನೂಲನ್ನೆಲ್ಲ ನೆಕ್ಕಿದ್ದು ಇದೇ ಕಳ್ಳ!'

ಗೋವಿಂದನ್ ಎದೆ ಉಬ್ಬಿಸಿದ. 'ಬಾಯಿ ಮುಚ್ಚು ಕಮಲಮ್ಮಾ. ಇನ್ ಮೇಲೆ ಅವನು ನನ್ನ ಹೋರಿ ಇಲ್ಲೆ. ಸಾಮಿ. ಕಾಲಿಗೆ ಬೀಳು.'

'ಬೀಳ್ತೀನಿ. ಸಾಮಿ ನನ್ನ ನೂಲು ತಿರುಗಿ ಕೊಡ್ಲಿ, ಆಮೇಲೆ.'

ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸುತ್ತಲ ಊರುಗಳಿಂದ ಹರಕೆಯ ಕರುಗಳು ಬರುತ್ತಲೇ ಇವೆ, ಗೋಮಾಳದಲ್ಲಿ ಕಾಲಿಡಲು ಜಾಗವಿಲ್ಲ. ಮಂದೆಯನ್ನು ಅಲ್ಲಿಂದ ಕದಲಿಸುವುದೇ ಇಲ್ಲ, ಹಗಲಿರುಳು ಅಲ್ಲೇ. ದೇವರು ನೆಲದ ಮೇಲೆ ಎಷ್ಟು ಹೊತ್ತು ನಿಂತರೆ ಅಷ್ಟು ಒಳ್ಳೆಯದಲ್ಲವೇ? ಇನ್ನು ಬೇರೆ ಏನೇನು ನಿಯಮ ಇದೆ, ತಿಳಿಸು. ಮಳೆಯ ಮೊದಲು ಎಲ್ಲ ಸರಿಯಾಗಿರಬೇಕು.

ಅವ್ವ ಇನ್ನು ಎಲ್ಲಿಗೂ ಬರುವುದಿಲ್ಲ. ಸುಣ್ಣ ಹೊಡೆಸಿದ ಆ ಕೋಣೆಯಲ್ಲಿ ಬೆಳ್ಳುಳ್ಳಿ ಕಟ್ಟಿಡು.

ಅಳಗು


ಕಂಬಂ
ಆಡಿ 15, ಜಯ ವರುಷ (ಜುಲೈ 1894)

ಅಳಗುವಿಗೆ,

ಬೆಳ್ಳುಳ್ಳಿ ಕಟ್ಟಿಡಲು ನಮ್ಮಲ್ಲಿ ಬೇರೆ ಜಾಗವಿದೆ.

ನಿಯಮ ಕೇಳಿದ್ದೀಯ. ಆವಿನ ಹಾಲನ್ನು ಕರುವಿಗೇ ಬಿಡಬೇಕು. ದೊಡ್ಡಿಯೊಳಗೆ ಕೆರ ಮೆಟ್ಟಿ ಹೋಗಬಾರದು. ಶುಕ್ರವಾರ ದೀಪ ಹಚ್ಚಬೇಕು. ಸತ್ತ ದನವನ್ನು ಮಾರದೆ ಹೂಳಬೇಕು. ಇಷ್ಟೇ, ಮತ್ತೇನೂ ಇಲ್ಲ.

ಇವತ್ತು ಗಂಡಸರೆಲ್ಲ ಬೇವಿನ ಸೊಪ್ಪು ಹೊತ್ತುಕೊಂಡು ಗುಡ್ಡದ ಬುಡಕ್ಕೆ ಪೂಜೆಗೆ ಹೋಗಿದ್ದಾರೆ. ಹಾಗಾಗಿ ಬರೆಯಲು ಹೊತ್ತು ಸಿಕ್ಕಿತು. ಇನ್ನು ಸಂಜೆ ಮಂದೆಯ ಗಂಟೆಯ ಸದ್ದೂ ಕೇಳುವುದಿಲ್ಲ, ಮನೆ ಬಿಕೋ ಎನ್ನುತ್ತದೆ. ನಿನಗಾದರೆ ಮಾತಿಗೆ ಅವ್ವ ಇದ್ದಾಳೆ. ಮುರುಕು ಕೊಂಬಿನ ಹೋರಿಯ ಕಥೆಗೆ ಅವಳು ನಕ್ಕಳು ಎಂದು ಬರೆದಿದ್ದೀಯ. ನನ್ನ ಎದುರು ಅವಳು ಹಾಗೆ ನಕ್ಕದ್ದು ನೆನಪಿಲ್ಲ.

ಅಕ್ಕ


ಚಿನ್ನಾಳಪಟ್ಟಿ
ಕಾರ್ತಿಗೈ 25, ಜಯ ವರುಷ (ಡಿಸೆಂಬರ್ 1894)

ಅಕ್ಕನಿಗೆ,

ಇಷ್ಟು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಮಳೆ ಬಂತು. ಚೆನ್ನಾಗಿಯೇ ಬಂತು. ಮಂದೆ ತುಳಿದು ತುಳಿದು ಗೋಮಾಳ ಒರಳುಕಲ್ಲಿನಂತೆ ಆಗಿತ್ತು, ಇದ್ದ ಗರಿಕೆಯ ಬೇರೂ ಎದ್ದಿತ್ತು. ಗೊರಸಿನ ಜಾಡುಗಳೇ ಕಾಲುವೆಗಳಾದವು. ಒಂದೊಂದು ಜಾಡಿನಲ್ಲೂ ಕೆಂಪು ನೀರು ಇಳಿದು, ಕೆಳಗೆ ಎಲ್ಲ ಒಂದಾಗಿ, ಬಾವಿಯ ಕಟ್ಟೆಯನ್ನು ಒಡೆದು ಒಳಗೆ ಮಣ್ಣು ತುಂಬಿತು. ಈಗ ಬಾವಿಯೊಳಗೆ ನಿಂತರೆ ಮೊಣಕಾಲು ಹೂತುಹೋಗುತ್ತದೆ. ಮಳೆಗಾಲದಲ್ಲೂ ನಾವು ನೀರಿಗೆ ಬೇರೆ ಬೀದಿಗೆ ಹೋಗುತ್ತಿದ್ದೇವೆ, ಅಕ್ಕ. ಅಲ್ಲಿಯ ಹೆಂಗಸರು ನನಗೆ ಹಗ್ಗ ಕೊಡುವಾಗ ಮುಖ ನೋಡುವುದಿಲ್ಲ.

ನೇಯುವವರ ಬೀದಿ ತಗ್ಗಿನಲ್ಲಿದೆ. ಅವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಗಳೆಲ್ಲ ತುಂಬಿ ಹೋದವು. ಕಮಲಮ್ಮಾಳ್ ನಮ್ಮ ಅಂಗಳದಲ್ಲೇ ನಿಂತು, 'ನಿಮ್ಮ ಸಾಮಿ ಬಂದು ನಮ್ಮ ಗುಂಡೀಲೇ ಉಚ್ಚೆ ಹೊಯ್ದುಬಿಟ್ನಲ್ಲಾ ಅಳಗೂ! ಯಾರ್ ಕೇಳಿದ್ರು ಇವನ್ನ?' ಎಂದು ಅತ್ತಳು. ಈ ಸಲ ಅವ್ವ ನಗಲಿಲ್ಲ. ಎದ್ದು ಹೋಗಿ ಅವಳ ಜೊತೆ ಗುಂಡಿಯ ಕೆಸರು ತೋಡಿದಳು. ಹರಕೆಯವರು ಕರುಗಳನ್ನು ಹಿಂದಕ್ಕೆ ಹೊಡೆದುಕೊಂಡು ಹೋದರು. ಗೋವಿಂದನ್ ಮಾತ್ರ ತನ್ನ ಹೋರಿಯನ್ನು ಮುಟ್ಟುವುದಿಲ್ಲ. 'ಸಾಮಿಗೆ ಮೇವು ಹಾಕೋದು ಊರವರ ಪಾಡು' ಅನ್ನುತ್ತಾನೆ. ಅದು ನಮ್ಮ ಬಣವೆಗೇ ಬರುತ್ತದೆ.

ನೀನು ಹೇಳಿದ್ದನ್ನೆಲ್ಲ ಮಾಡಿದೆವು. ದೀಪ, ಬರಿಗಾಲು, ಎಲ್ಲ. ಎಲ್ಲಿ ತಪ್ಪಿದೆವು? ನಿನ್ನ ಗುಡ್ಡದ ಮೇಲೆ ಸದ್ದಿಲ್ಲದೆ ಬೀಳುವ ಮಳೆ ನಮ್ಮ ಮೇಲೆ ಏಕೆ ಹೀಗೆ ಬೀಳುತ್ತದೆ? ಇರುವವರ ಮನೆಯನ್ನೇ ಹುಡುಕಿಕೊಂಡು ಹೋಗುವ ದೇವರು ಎಂಥವನು?

ಪೊಂಗಲ್ ಆದ ಮೇಲೆ ಅವ್ವ ಬರುತ್ತಾಳೆ. ನಾನು ಕಳಿಸುತ್ತಿಲ್ಲ. ಅವಳೇ ಹೊರಟಿದ್ದಾಳೆ.

ಅಳಗು


ಕಂಬಂ
ಮಾಸಿ 8, ಜಯ ವರುಷ (ಫೆಬ್ರವರಿ 1895)

ನನ್ನ ಪ್ರೀತಿಯ ಅಳಗುವಿಗೆ ಅಕ್ಕನ ಅನೇಕ ಆಶೀರ್ವಾದಗಳು.

ಅವ್ವ ಸುಖವಾಗಿ ತಲುಪಿದಳು. ಪೆರಿಯಕುಳಂನಲ್ಲಿ ಗಾಡಿ ಬದಲಿಸುವಾಗ ನಮ್ಮ ಮನೆಯವರೇ ಹೋಗಿ ಕರೆತಂದರು. ಅವಳು ಬೆಳಿಗ್ಗೆ ಎದ್ದವಳೇ ಬಾವಿಗೆ ಹೋಗಿ, ತಾನೇ ಸೇದಿ, ತಲೆಯ ಮೇಲೆ ಸುರಿದುಕೊಂಡು, ಮತ್ತೆ ಸೇದಿ ಸುರಿದುಕೊಳ್ಳುತ್ತಾಳೆ. ಸಾಕು ಅವ್ವ, ಶೀತವಾಗುತ್ತದೆ ಅಂದರೆ ಕೇಳುವುದಿಲ್ಲ. ನಾನು ಕಟ್ಟೆಯ ಮೇಲೆ ಕುಳಿತು ನೋಡುತ್ತಿರುತ್ತೇನೆ. ಅವಳ ತಲೆ ಬಾಚುವುದು ಈಗ ನಾನೇ. ಇಷ್ಟು ಬೆಳ್ಳಗಾಗಿದೆ ಎಂದು ನೀನು ಬರೆಯಲೇ ಇಲ್ಲ.

ಸಂಜೆ ಪಕ್ಕದ ಮನೆಯ ಪೊನ್ನಮ್ಮಾಳ್ ಜೊತೆ ಗುಡ್ಡದ ಬುಡಕ್ಕೆ ಹೋಗಿ ಬರುತ್ತಾಳೆ. ಹುಲ್ಲಿನೊಳಗೆ ತೋಳಿನವರೆಗೆ ಕೈ ತೂರಿಸಿ, ಹಿಡಿ ಮಣ್ಣು ತೆಗೆದು ಮೂಸುತ್ತಾಳಂತೆ. ಒಣಗಿದ ತೆನೆಗಳನ್ನು ಉಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾಳೆ. ಆ ಪೊನ್ನಮ್ಮಾಳ್‌ಗೆ ಬಾಯಿ ಸ್ವಲ್ಪ ಹೆಚ್ಚು, ಕೇಳಿದ್ದಕ್ಕೂ ಕೇಳದ್ದಕ್ಕೂ ಹೇಳುತ್ತಿರುತ್ತಾಳೆ.

ಅವ್ವ ಈಗ ನನ್ನ ಪಕ್ಕದಲ್ಲೇ ಕುಳಿತು ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. 'ಅಳಗೂ, ನಾನು ಚೆನ್ನಾಗಿದ್ದೇನೆ. ಮಕ್ಕಳನ್ನು ಕೇಳಿದೆನೆಂದು ಹೇಳು. ಇಲ್ಲಿ ನೀರು ಬೇಕಾದಷ್ಟಿದೆ. ನನ್ನ ಚಿಂತೆ ಬಿಡು.' ಇನ್ನೂ ಬಹಳ ಹೇಳಿದಳು, ಗುಡ್ಡದ ವಿಷಯ ಏನೇನೋ. ವಯಸ್ಸಾಯಿತಲ್ಲ, ಹೇಳಿದ್ದನ್ನೇ ಹೇಳುತ್ತಾಳೆ. ಕಾಗದವೂ ಮುಗಿಯುತ್ತ ಬಂತು.

ಅಕ್ಕ


ಚಿನ್ನಾಳಪಟ್ಟಿ
ಪಂಗುನಿ 3, ಜಯ ವರುಷ (ಮಾರ್ಚ್ 1895)

ಅಕ್ಕನಿಗೆ,

ಅವ್ವನ ಮಾತು ಎಂದು ನೀನು ಬರೆದದ್ದನ್ನು ಓದಿದೆ. ಅದರಲ್ಲಿ ಒಂದು ಬೈಗುಳವೂ ಇಲ್ಲ. ನನ್ನ ಜೊತೆ ಅವ್ವ ಯಾವತ್ತು ಹಾಗೆ ಮಾತಾಡಿದ್ದಾಳೆ? 'ಕತ್ತೆ' ಎನ್ನದೆ ಅವಳು ನನ್ನನ್ನು ಊಟಕ್ಕೂ ಕರೆದವಳಲ್ಲ. ಆ ನಾಲ್ಕು ಸಾಲು ನಿನ್ನದು.

ಗುಡ್ಡದ ವಿಷಯ ಅವ್ವ ಏನು ಹೇಳಿದಳು? ಮುಂದಿನ ಕಾಗದದಲ್ಲಿ ಅದನ್ನೇ ಬರೆ, ಮಿಕ್ಕಿದ್ದು ಬೇಡ. ಇನ್ನೊಂದು. ಆಡಿಯಲ್ಲಿ ನೀನು ಬರೆದಿದ್ದೆ, ಇನ್ನು ಸಂಜೆ ಮಂದೆಯ ಗಂಟೆ ಕೇಳುವುದಿಲ್ಲ ಎಂದು. ಆಗ ಓದಿ ಸುಮ್ಮನಾಗಿದ್ದೆ. ಬಾವಿಯ ಮಣ್ಣು ಎತ್ತುವಾಗ ನೆನಪಾಯಿತು. ಎಲ್ಲಿಗೆ ಹೋಗಿದ್ದವು ದನ? ಮಳೆಗಾಲದಲ್ಲಿ ಆ ಗುಡ್ಡದ ಮೇಲೆ ಯಾವ ಗೊರಸೂ ಇರಲಿಲ್ಲವೇ?

ಈ ಕಾಗದವನ್ನು ಅವ್ವನಿಗೆ ಗಟ್ಟಿಯಾಗಿ ಓದು.

ಅವಳು ನಿನ್ನ ಬಾವಿಯ ನೀರನ್ನು ತಲೆಯ ಮೇಲೆ ಸುರಿದುಕೊಳ್ಳುತ್ತಾಳೆ ಎಂದು ಓದಿದಾಗ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಲ್ಲಿ ಅವಳು ಒಂದು ಚೆಂಬಿನಲ್ಲಿ ಮುಖ, ಕೈಕಾಲು, ಎಲ್ಲ ಮುಗಿಸಿ, ಉಳಿದದ್ದನ್ನು ನುಗ್ಗೆಯ ಬುಡಕ್ಕೆ ಹಾಕುತ್ತಿದ್ದಳು. ಅವಳ ಎಲೆಅಡಿಕೆ ಕುಟ್ಟುವ ಕಲ್ಲು ಇಲ್ಲೇ ಉಳಿದಿದೆ. ಕಳಿಸುವುದಿಲ್ಲ.

ಅಳಗು


ಕಂಬಂ
ಚಿತ್ತಿರೈ 5, ಮನ್ಮಥ ವರುಷ (ಏಪ್ರಿಲ್ 1895)

ಅಳಗುವಿಗೆ,

ಈ ಕಾಗದಕ್ಕಿಂತ ಮೊದಲು ಅವ್ವನೇ ನಿನ್ನ ಮನೆ ಸೇರಿರುತ್ತಾಳೆ. ಆದರೂ ಬರೆಯುತ್ತೇನೆ, ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ ಎಂದು ಆಗಬಾರದು.

ಆಡಿಯಲ್ಲಿ ಮೊದಲ ಮಳೆ ಬಿದ್ದ ಮೇಲೆ ಗುಡ್ಡದ ಬುಡದಲ್ಲಿ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಕಟ್ಟಿದ ಮೇಲೆ ಪಟ್ಟದ ಹೋರಿಯೂ ಅದನ್ನು ದಾಟಬಾರದು. ಮಂದೆಯನ್ನು ಮೇಲಿನ ಮಲೆಗೆ ಹೊಡೆಯುತ್ತಾರೆ. ಹುಲ್ಲು ಎದ್ದು, ತೆನೆ ಕಟ್ಟಿ, ಬೀಜ ಉದುರಿ, ತೈಯಲ್ಲಿ ಪೊಂಗಲ್ ಆದ ಮೇಲೆಯೇ ಹಗ್ಗ ಬಿಚ್ಚುವುದು. ಮಳೆಯನ್ನು ಹಿಡಿಯುವುದು ಆ ಹುಲ್ಲು, ಅದರ ಬೇರು. ಬೋಳು ನೆಲಕ್ಕೆ ಆ ಶಕ್ತಿ ಇಲ್ಲ. ನಿಮಗೆ ಮೇಲಿನ ಮಲೆ ಇಲ್ಲದಿದ್ದರೆ ಗೋಮಾಳದ ಅರ್ಧಕ್ಕಾದರೂ ಕಟ್ಟಿ. ನಿನಗೆ ನಿಯಮಗಳನ್ನು ಬರೆದ ದಿನವೇ ಇಲ್ಲಿ ಹಗ್ಗ ಕಟ್ಟಿದ್ದು.

ಏಕೆ ಬರೆಯಲಿಲ್ಲ ಎಂದು ಕೇಳಬೇಡ. ನಿನ್ನ ಬಾವಿ ತುಂಬಿದ್ದರೆ ಈ ಕೋಣೆ ಖಾಲಿ ಇರುತ್ತಿತ್ತು.

ನಿನ್ನ ಕಾಗದವನ್ನು ಅವ್ವನಿಗೆ ಓದಿದೆ, ಗುಡ್ಡದ ಸಾಲುಗಳನ್ನು ಹಾರಿಸಿ. ಅವಳು ಪೂರ್ತಿ ಕೇಳಿ, 'ಅಷ್ಟೇನಾ?' ಅಂದಳು.

'ಅಷ್ಟೇ ಅವ್ವ.'

'ಹಗ್ಗದ ವಿಷಯ ಬರೆಸಿದ್ನಲ್ಲಾ, ಅದಕ್ಕೆ ಏನಂದ್ಲು? ಕಟ್ತಾಳಂತಾ?'

'ಏನೂ ಬರೆದಿಲ್ಲೆ.'

ಅವ್ವ ಎಲೆಗೆ ಸುಣ್ಣ ಹಚ್ಚುತ್ತ ನನ್ನ ಮುಖವನ್ನೇ ನೋಡಿದಳು. 'ಆ ಕತ್ತೆ ಸುಮ್ಮನಿರೋ ಜಾತಿ ಇಲ್ಲೆ' ಅಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಎಲೆ ಮಡಿಸಿ ನನಗೂ ಒಂದು ಕೊಟ್ಟಳು. ನಾನು ಬದುಕಿಕೊಂಡೆ ಎಂದುಕೊಂಡೆ.

ಈ ಕೆಲವು ವಾರ ಅವಳು ನನ್ನವಳಾಗಿದ್ದಳು ಎಂದು ಹೇಳಬೇಕೆಂದಿದ್ದೆ. ಅದೂ ಪೂರ್ತಿ ನಿಜವಲ್ಲ. ಊಟಕ್ಕೆ ಕೂತರೆ ನಿನ್ನ ಮಕ್ಕಳ ಮಾತು, ನೀರು ಸೇದಿದರೆ ನಿನ್ನ ಬಾವಿಯ ಮಾತು, ಮಳೆ ಮೋಡ ಕಂಡರೆ ಆ ಕಮಲಮ್ಮಾಳ್‌ಳ ಮಗ್ಗದ ಗುಂಡಿ. ನೀನು ಇಲ್ಲಿಲ್ಲದೆಯೂ ನನ್ನ ಮನೆ ತುಂಬ ಇದ್ದೆ. ನಾನು ನಿನ್ನ ನೀರನ್ನು ತಡೆದೆ, ಅಳಗು. ನೀನು ಏನನ್ನೂ ಮಾಡದೆಯೇ ಅವಳನ್ನು ಇಟ್ಟುಕೊಂಡೆ.

ನಿನ್ನೆ ಹೊಲದಿಂದ ಬಂದಾಗ ಒಳಕೋಣೆ ಗುಡಿಸಿತ್ತು, ಚಾಪೆ ಸುತ್ತಿಟ್ಟಿತ್ತು. ಬಾವಿಯ ಹತ್ತಿರ ಕೂಗಿದೆ, ಹಿತ್ತಿಲಲ್ಲಿ ಕೂಗಿದೆ. ತಿರುಗಿ ಬಂದು ಕೋಣೆಯ ಮೂಲೆಮೂಲೆ ನೋಡುತ್ತಿರುವಾಗ ಪೊನ್ನಮ್ಮಾಳ್ ಬಾಗಿಲಿಗೆ ಬಂದಳು. ಒಳಗೆ ಬಾ ಅಂದರೂ ಬರಲಿಲ್ಲ. ಚೌಕಟ್ಟು ಹಿಡಿದು ಅಲ್ಲೇ ನಿಂತು ಹೇಳಿದಳು:

'ಒಳಗೆ ಏನ್ ಹುಡುಕ್ತೀಯೆ ಮೂಕಾ? ನಿಮ್ಮವ್ವ ಪೆರಿಯಕುಳಂ ಗಾಡಿ ಹತ್ತಿಬಿಟ್ಲು. ಅಲ್ಲಿ ನೀರಿಲ್ಲೆಯಲ್ಲಾ ಅಕ್ಕಾ, ಏನ್ ಕುಡಿತೀಯೆ ಅಂತ ಕೇಳ್ದೆ. ಚಿಕ್ಕವಳು ಇಲ್ಲದ್ದನ್ನ ಇಲ್ಲೇಂತ ಹೇಳ್ತಾಳೆ, ಅದು ಸಾಕು ಅಂದ್ಲು. ಹುಲ್ಲಿನ ಬೀಜ ತುಂಬ್ಕೊಂಡು ಹೋಗಾಕೆ ನನ್ನ ಹಿತ್ತಾಳೆ ತಪ್ಪಲೆಯೇ ಬೇಕಾಯ್ತು ಮಹಾತಾಯಿಗೆ. ನಿನ್ನ ತಂಗಿಗೆ ಕಾಗದ ಹಾಕು. ಬೀಜ ಅವಳೇ ಇಟ್ಕಳ್ಳಲಿ, ತಪ್ಪಲೆ ಮಾತ್ರ ತಿರುಗಿ ಬರಬೇಕು. ಇದೊಂದಾದ್ರೂ ಬಿಡ್ದಂಗೆ ಬರೆ.'